ಮಲಕಮ್ಮನ ಎಣಿಕೆ

"ಪಾಟಿ ಎದಿಮ್ಯಾಗ ಇಡ್ರಿ, ಕಾಲ್ಕಡಿ ಬ್ಯಾಡ," ಎಂದಳು ಹುಸೇನಬೀ, ಹೊಲದಲ್ಲಿ ತೋಡಿದ ಕುಣಿಯ ಅಂಚಿನಲ್ಲಿ ನಿಂತು. ಹದಿನಾಲ್ಕರ ಈ ಹುಡುಗಿ ಅರವತ್ತರ ಮಲಕಮ್ಮನ ಸಹಪಾಠಿ. ಮಲ್ಕಪ್ಪ ತೀರಿಹೋದ ಹೆಂಡತಿ ಮಲಕಮ್ಮನ ಎದೆಯ ಮೇಲೆ ಅವಳು ಬರೆಯುತ್ತಿದ್ದ ಪಾಟಿ ಇಟ್ಟ.

ಶಾಲೆಯ ಮಕ್ಕಳೆಲ್ಲ ಹಿಡಿ ಮಣ್ಣು ಹಿಡಿದು ಸಾಲಾಗಿ ನಿಂತಿದ್ದರು. ಜಗದೇವಪ್ಪ ಮಾಸ್ತರರಿಗೆ ಅಳು ಒಂದು ಕಡೆ, ಹೆದರಿಕೆ ಇನ್ನೊಂದು ಕಡೆ. ಪಟ್ಟಿಯಲ್ಲಿ ನಲವತ್ತು ಹೆಸರಿಲ್ಲದಿದ್ದರೆ ಶಾಲೆ ಮುಚ್ಚುತ್ತೇವೆಂದು ಮೇಲಿನವರು ಬರೆದಿದ್ದರು. ನಲವತ್ತನೆಯ ಹೆಸರು ಮಲಕಮ್ಮನದೇ. ತಪಾಸಣೆಯೂ ಇವತ್ತೇ ಬರಬೇಕೆ!

*

ರಜಾಕಾರರ ಗದ್ದಲದಲ್ಲಿ ಓದು ಬಿಟ್ಟವರಿಗಾಗಿ ದೋರನಹಳ್ಳಿಯ ಹೊರಗೆ ಮಾಸ್ತರರು ತೆರೆದ ಕನ್ನಡ ಹೈಸ್ಕೂಲು ಅದು. ಓದೇ ಬರದವರಿಗೆ ಒಂದು ತಯಾರಿ ವರ್ಗ. ವಯಸ್ಸು ಕೇಳುತ್ತಿರಲಿಲ್ಲ. ಕಸ ಗುಡಿಸಲು ಬಂದ ಮಲಕಮ್ಮ ಕಸಬರಿಗೆ ಮೂಲೆಗಿಟ್ಟು ಬೆಂಚಿನ ಮೇಲೆ ಕೂತೇಬಿಟ್ಟಳು.

"ಮುದುಕಿ ತಹಶೀಲ್ದಾರಳಾಗಾಕತ್ತಾಳ!" ಎಂದು ಮಲ್ಕಪ್ಪ ನಗುತ್ತಿದ್ದ. ಆದರೂ ಕುರಿ ಮೇಯಿಸುವುದು ಮಾತ್ರ ಶಾಲೆಯ ಕಿಟಕಿಯ ಹತ್ತಿರವೇ.

ಕನ್ನಡದಲ್ಲಿ ಅವಳಿಗೆ ಎಂಬತ್ತು. ಲೆಕ್ಕದಲ್ಲಿ ಮೂರು ವರ್ಷ ನಪಾಸು.

"ಇಪ್ಪತ್ತು ಕುರಿ, ಹದಿನೈದು ಮರಿ. ಎಷ್ಟಾತವಾ?"

"ಮೂವತ್ನಾಕ್ರಿ ಸರ."

"ಮೂವತ್ತೈದಲ್ಲೇನು?"

"ಗೊತ್ತದರಿ. ಜೀವ ಇದ್ದದ್ದು ಪೂರಾ ಎಣಿಸಿ ಹೇಳಬಾರ್ದು, ದೃಷ್ಟಿ ತಾಕ್ತದ. ನಮ್ಮ ಕುರುಬರಾಗ ಒಂದು ಬಿಟ್ಟೇ ಹೇಳೋದು."

"ಹಿಂಗಾದ್ರ ಪಾಸಾಗಂಗಿಲ್ಲ ನೀ!"

"ಆಗದಿದ್ರ ಬಿಡ್ರಿ. ಕುರಿ ಚೆಂದ ಇದ್ರ ಸಾಕು."

ಎಂಥ ಹಟಮಾರಿ! ಮಾಸ್ತರರಿಗೆ ಅವಳ ಮೇಲೆ ಸಿಟ್ಟು ಬರುತ್ತಿತ್ತು, ಅದಕ್ಕಿಂತ ಹೆಚ್ಚು ಅಕ್ಕರೆ ಬರುತ್ತಿತ್ತು.

*

ತಪಾಸಣೆಗೆ ಬಂದ ಸಾಹೇಬರು ಶಾಲೆಗೆ ಬೀಗ ಕಂಡು, ಕೇಳುತ್ತ ಕೇಳುತ್ತ ಹೊಲಕ್ಕೇ ಬಂದರು. ಕುಣಿ ನೋಡಿ ಟೋಪಿ ತೆಗೆದರು. ಮೆಲ್ಲಗೆ ಕೇಳಿದರು: "ಮಾಸ್ತರ, ಪಟ್ಟ್ಯಾಗ ಎಷ್ಟು ಮಂದಿ?"

ನಲವತ್ತು ಎಂದರೆ ಯಾರು ಕುಣಿ ಅಗೆದು ನೋಡುತ್ತಾರೆ? ಆದರೆ ಮಲಕಮ್ಮನ ಮುಂದೆ ಸುಳ್ಳು ಹೇಳಲು ಮಾಸ್ತರರಿಗೆ ಬಾಯಿ ಬರಲಿಲ್ಲ.

"ಮೂವತ್ತೊಂಬತ್ತರಿ."

ಸಾಹೇಬರು ನಿಟ್ಟುಸಿರು ಬಿಟ್ಟು ಪೆನ್ನು ತೆಗೆದರು. ಹುಸೇನಬೀ ಬಿಕ್ಕತೊಡಗಿದಳು.

"ತಡೀರಿ ಸಾಹೇಬ್ರ," ಎಂದ ಮಲ್ಕಪ್ಪ. "ನಮ್ಮಾಕಿ ಚಾಳಿ ಮಾಸ್ತರ್ರಿಗೂ ಹತ್ತ್ಯಾದ. ಒಂದು ಬಿಟ್ಟು ಹೇಳ್ಯಾರ."

"ಯಾರನ್ನ ಬಿಟ್ಟಾರ?"

ಮಲ್ಕಪ್ಪ ಕುಣಿಗೆ ಇಳಿದು ಪಾಟಿಯನ್ನು ತಿರುಗಿ ಎತ್ತಿಕೊಂಡ. "ಇದು ನನಗ ಬೇಕಾಗ್ತದ, ನೀ ಸಿಟ್ಟಾಗಬ್ಯಾಡ," ಎಂದು ಅವಳಿಗೆ ಹೇಳಿದ.

ಮೇಲೆ ಬಂದು, ಒಂದು ಹಿಡಿ ಮಣ್ಣು ತೆಗೆದುಕೊಂಡು, ಶಾಲೆಯ ಮಕ್ಕಳ ಸಾಲಿನಲ್ಲಿ ಹುಸೇನಬೀಯ ಹಿಂದೆ ನಿಂತ. ಪಾಟಿಗೆ ಹತ್ತಿದ ಧೂಳನ್ನು ಕಂಬಳಿಯ ತುದಿಯಿಂದ ಸುತ್ತಲೂ ಒರೆಸಿದ. ನಡುವೆ ಸೊಟ್ಟಗೆ ಬರೆದಿದ್ದ ಮೂವತ್ನಾಲ್ಕನ್ನು ಮಾತ್ರ ಮುಟ್ಟಲಿಲ್ಲ.