ಹೂಂ ಅಂದಿದ್ದು

ಮೂರನೆಯ ಸಾಲಿನ ನಡುವೆ ಕುಮುದಾಳ ನಾಲಿಗೆ ನಿಂತುಹೋಯಿತು.

ಕಣ್ಣು ಮುಚ್ಚಿಯೇ ಇದ್ದಳು. ತೊಡೆಯ ಮೇಲೆ ತಾಳ ಹಾಕುತ್ತಿದ್ದ ಬೆರಳು ಮಾತ್ರ ಇನ್ನೂ ಆಡುತ್ತಿತ್ತು, ಮುಂದಿನ ಪದ ಬರಲಿಲ್ಲ. ಪದ್ಯದ ಮೊದಲಿಗೆ ಹೋಗಿ ಮತ್ತೆ ಹಿಡಿದುಕೊಂಡು ಬಂದಳು. ಅದೇ ಜಾಗದಲ್ಲಿ ಮತ್ತೆ ಜಾರಿತು. ಹೊರಗೆ ಯಾರದೋ ಮೋಟಾರು ದೋಣಿ ಹಾದುಹೋಗಿರಬೇಕು, ಕೂತ ನೆಲ ಮೆಲ್ಲಗೆ ಎದ್ದು ಮೆಲ್ಲಗೆ ಇಳಿಯಿತು. ಕೊಕ್ಕೆಗೆ ನೇತುಹಾಕಿದ್ದ ಕಾಫಿ ಲೋಟಗಳು ಒಂದಕ್ಕೊಂದು ತಾಗಿದವು.

ಅದು ಹ್ಯೂಸ್ಟನ್ನಿನ ಡಾಕ್ಟರೊಬ್ಬರ ದೋಣಿಮನೆ. ಆಸ್ಟಿನ್ನಿನ ಹೊರಗಿನ ಸರೋವರದಲ್ಲಿ ಕಟ್ಟಿ ನಿಲ್ಲಿಸಿದ್ದು. ಎರಡು ಕೋಣೆ, ಪುಟ್ಟ ಅಡುಗೆಮನೆ, ಮೇಲೆ ಕೂರಲು ಅಟ್ಟ. ಮಾರುವ ಮುಂಚೆ ಒಂದು ರಾತ್ರಿ ಇದ್ದು ನೋಡಲಿ ಎಂದು ಡಾಕ್ಟರು ಕೀಲಿ ಕೊಟ್ಟಿದ್ದರು. ಕುಮುದಾಳ ಗಂಡ ವೆಂಕಟಗಿರಿ, ಡಲ್ಲಾಸಿನ ಪಕ್ಕದ ರಿಚರ್ಡ್‌ಸನ್ ಊರಿನ ಟೆಲಿಕಾಂ ಕಂಪನಿಯೊಂದರಿಂದ ನಿವೃತ್ತನಾಗಿದ್ದ. ಮಗಳು ಪ್ರಗತಿ ಆಸ್ಟಿನ್ನಿನಲ್ಲಿದ್ದಳು. ಅಲ್ಲೇ ಹತ್ತಿರದ ಕಾಪೆಲ್‌ನಲ್ಲಿದ್ದ ಅವರ ಮನೆ ಆಗಲೇ ಮಾರಾಟವಾಗಿ, ತಿಂಗಳ ಕೊನೆಗೆ ಖಾಲಿ ಮಾಡಿಕೊಡಬೇಕಿತ್ತು. ಉಳಿದದ್ದು ಒಂದೇ ಪ್ರಶ್ನೆ: ಇನ್ನು ಮುಂದೆ ನೀರಿನ ಮೇಲೋ, ನೀರಿನ ಪಕ್ಕವೋ.

ವೆಂಕಟಗಿರಿಯ ಮಟ್ಟಿಗೆ ಆ ಪ್ರಶ್ನೆಯೂ ಮುಗಿದಿತ್ತು. ಡಲ್ಲಾಸಿನ ಬಿಸಿಲಲ್ಲಿ ಹುಲ್ಲು ಕತ್ತರಿಸಿ ಸಾಕಾಗಿದೆ, ಇನ್ನು ನನ್ನ ಅಂಗಳ ತಾನೇ ತಾನಾಗಿ ಮಟ್ಟಸವಾಗಿರಬೇಕು ಎಂದು ಕಾಪೆಲ್‌ನ ಸ್ನೇಹಿತರಿಗೆಲ್ಲ ಹೇಳಿಕೊಂಡು ಬಂದಿದ್ದ. ರಾತ್ರಿ ಮಗಳು ಫೋನಿನಲ್ಲಿ ದೋಣಿಯ ಒಳಗೆಲ್ಲ ನೋಡಿ, “ಅಮ್ಮಾ, ದಿಸ್ ಈಸ್ ಸೋ ನಾಟ್ ಯೂ,” ಎಂದು ನಕ್ಕಿದ್ದಳು. ಅಮ್ಮನೂ ನಕ್ಕು ಸುಮ್ಮನಾಗಿದ್ದಳು.

ಸುಮ್ಮನಿರುವುದು ಕುಮುದಾಳಿಗೆ ಚಿಕ್ಕಂದಿನಿಂದ ಬಂದದ್ದು. ಮೈಸೂರಿನಲ್ಲಿ ಅವಳ ತಂದೆ ಸಂಜೆ ದೀಪ ಹಚ್ಚಿದ ಮೇಲೆ ಕಾವ್ಯ ಓದುತ್ತಿದ್ದರು. ಹಾಡಿಗೂ ಮಾತಿಗೂ ನಡುವಿನ ದನಿ. ಎದುರಿಗೆ ಕೂತು ಹೂಂ ಅನ್ನುವುದು ಅವಳ ಕೆಲಸ. ಹೂಂ ಅನ್ನುವವರಿಲ್ಲದೆ ಓದಿದರೆ ಗೋಡೆಗೆ ಓದಿದ ಹಾಗೆ ಎನ್ನುತ್ತಿದ್ದರು. ಹೂಂ ಅನ್ನುತ್ತ ಅನ್ನುತ್ತಲೇ ನೂರಾರು ಪದ್ಯ ಅವಳ ಕಿವಿಯಿಂದ ಒಳಗಿಳಿದು ಅಲ್ಲೇ ಉಳಿದಿದ್ದವು. ಸ್ನಾನವಾದ ಮೇಲೆ ಕಣ್ಣು ಮುಚ್ಚಿ ಕೂತು ಅವುಗಳಲ್ಲಿ ಕೆಲವನ್ನು ದೇವರಿಗೆ ಒಪ್ಪಿಸುವುದು ಅವಳ ಪೂಜೆ.

ಈ ವರ್ಷ ಹೆಸರುಗಳು ತಪ್ಪತೊಡಗಿದ್ದವು. ಪಕ್ಕದ ಮನೆಯಾಕೆಯ ಹೆಸರು. ಕಾರು ನಿಲ್ಲಿಸಿದ ಜಾಗ. ಒಮ್ಮೆ ಒಲೆ ಆರಿಸಲು ಮರೆತು ದೇವಸ್ಥಾನಕ್ಕೆ ಹೋಗಿಬಿಟ್ಟಿದ್ದಳು. ಯಾರಿಗೂ ಹೇಳಿರಲಿಲ್ಲ. ಪದ್ಯಗಳು ಇರುವ ತನಕ ನಾನು ಇದ್ದೇನೆ ಎಂದು ತನಗೆ ತಾನೇ ಒಂದು ಗೆರೆ ಎಳೆದುಕೊಂಡಿದ್ದಳು. ಇಂದು ಬೆಳಿಗ್ಗೆ ನೀರು ಆ ಗೆರೆಯನ್ನು ದಾಟಿತ್ತು.

ಮೂರನೆಯ ಸಲವೂ ಪದ ಬರದೆ, ಕೈ ಮುಗಿದು ಎದ್ದು ಅಟ್ಟ ಹತ್ತಿದಳು.

ಮೇಲೆ ನಂದಕುಮಾರ್ ಬಂದು ಕೂತಿದ್ದ. ಧಾರವಾಡದವನು, ಆಸ್ಟಿನ್ನಿನಲ್ಲಿ ಮನೆ ಕೊಡಿಸುವ ಏಜೆಂಟು, ಬರುವಾಗ ಇಡ್ಲಿ ಕಟ್ಟಿಸಿಕೊಂಡು ಬಂದಿದ್ದ.

“ಬರ್ರಿ ಅಕ್ಕಾರ. ಸರ್ ಅಂತೂ ಕ್ಯಾಪ್ಟನ್ ಆಗಿಬಿಟ್ಟಾರ. ಇನ್ನೊಂದು ಬಿಳೀ ಟೊಪಗಿ ಹಾಕಿದ್ರ ಮುಗೀತು ನೋಡ್ರಿ.”

“ಟೋಪಿ ಹಾಕೋದು ನಿಮ್ಮ ಕೆಲಸ ಅಲ್ವೇನ್ರಿ?” ಎಂದ ವೆಂಕಟಗಿರಿ. ಇಬ್ಬರೂ ನಕ್ಕರು. ವೆಂಕಟಗಿರಿ ಹೆಂಡತಿಯ ಕಡೆ ತಿರುಗದೆಯೇ ಸೇರಿಸಿದ: “ಡಾಕ್ಟರಿಗೆ ಫೋನ್ ಮಾಡಿಬಿಡಿ. ಕುಮುದಾನೂ ಹೂಂ ಅಂದಾಗಿದೆ.”

ಅವಳ ಕೈಯಲ್ಲಿ ಇಡ್ಲಿ ಹಾಗೇ ಉಳಿಯಿತು. ಹೌದು, ಅಂದಿದ್ದಳು. ಕಾಪೆಲ್‌ನಲ್ಲಿ ಅವನು ದೋಣಿಯ ಚಿತ್ರ ತೋರಿಸುತ್ತ ಹೇಳುತ್ತಿದ್ದಾಗ ಅಂದಿದ್ದಳು. ಡ್ರೈವ್ ಮಾಡಿಕೊಂಡು ಬರುವಾಗ ದಾರಿಯುದ್ದಕ್ಕೂ ಅಂದಿದ್ದಳು. ಈಗ ಹೇಳಬೇಕು ಎಂದುಕೊಂಡಳು. ಆದರೆ ಏನೆಂದು ಹೇಳುವುದು? ದೋಣಿ ಬೇಡ ಎಂದರೆ ಯಾಕೆ ಎನ್ನುತ್ತಾನೆ. ಪದ್ಯ ಮರೆಯಿತು ಎಂದರೆ, ಮರೆತದ್ದು ನಿಜವಾಗಿಬಿಡುತ್ತದೆ.

ಹೊರಡುವ ಮುಂಚೆ ದಡದ ಮೇಲಿನ ಮನೆಯನ್ನೂ ಒಮ್ಮೆ ನೋಡಬೇಕೆಂದು ನಂದಕುಮಾರ್ ಪಟ್ಟು ಹಿಡಿದ. ಅಲ್ಲಿಯವರಿಗೆ ಮಾತು ಕೊಟ್ಟಾಗಿದೆ, ನೋಡಿ ಬೇಡ ಅನ್ನಿ, ನೋಡದೇ ಬೇಡ ಅನ್ನಬೇಡಿ ಎಂದ. ವೆಂಕಟಗಿರಿ ಗಡಿಯಾರ ನೋಡಿಕೊಂಡು ಒಪ್ಪಿದ.

ಮನೆ ಸರೋವರದ ಇನ್ನೊಂದು ಮಗ್ಗುಲಲ್ಲಿತ್ತು. ಸುಣ್ಣಕಲ್ಲಿನ ಗೋಡೆ, ಒಂದೇ ಅಂತಸ್ತು, ಒಳಗೆ ಒಂದು ಕುರ್ಚಿಯೂ ಇಲ್ಲ. ಹಿಂದಿನ ಬಾಗಿಲು ತೆರೆದರೆ ಮೆಟ್ಟಿಲು ಇಳಿದು ದೋಣಿ ನಿಲ್ಲಿಸುವ ಮರದ ಕಟ್ಟೆಯೊಂದರ ತನಕ ಹೋಗುತ್ತಿತ್ತು. ಆದರೆ ಕಟ್ಟೆಯ ಸುತ್ತ ನೀರಿರಲಿಲ್ಲ. ಮಳೆ ಕೈಕೊಟ್ಟು ಸರೋವರ ಹಿಂದೆ ಸರಿದಿತ್ತು. ದೋಣಿ ಕಟ್ಟುವ ಕಂಬಗಳ ನಡುವೆ ಹುಲ್ಲು ಬೆಳೆದಿತ್ತು.

ವೆಂಕಟಗಿರಿಗೆ ಖುಷಿಯಾಯಿತು. “ನಂದಕುಮಾರ್, ಇದು ಕೆರೆ ದಡದ ಮನೆ ಅಲ್ಲ ಕಣ್ರೀ. ಕೆರೆ ಇತ್ತಂತೆ ಅನ್ನೋ ದಡದ ಮನೆ.”

ಮಳೆಗಾಲ ಚೆನ್ನಾಗಿ ಹಿಡಿದರೆ ನೀರು ಮೆಟ್ಟಿಲಿಗೇ ಬರುತ್ತದೆ ಎಂದು ನಂದಕುಮಾರ್ ಸಮಜಾಯಿಷಿ ಹೇಳಿ, ಫೋನ್ ಬಂದದ್ದಕ್ಕೆ ಮುಂಬಾಗಿಲಿಗೆ ಹೋದ. ವೆಂಕಟಗಿರಿ ಅಭ್ಯಾಸಬಲದಿಂದ ಏಸಿ ಯಂತ್ರ ಯಾವ ಕಾಲದ್ದು ಎಂದು ನೋಡಲು ಗ್ಯಾರೇಜಿಗೆ ನಡೆದ.

ಕುಮುದಾ ಪೂರ್ವದ ಕೋಣೆಯಲ್ಲಿ ಒಬ್ಬಳೇ ಉಳಿದಳು. ಕಿಟಕಿಯಿಂದ ಬಿಸಿಲು ಬಂದು ನೆಲದ ಮೇಲೆ ಬಿದ್ದಿತ್ತು. ಚಪ್ಪಲಿ ಹೊರಗೆ ಬಿಟ್ಟು ಬಂದು ಆ ಬಿಸಿಲಿನ ಪಕ್ಕದಲ್ಲಿ ಕೂತಳು. ಶುರು ಮಾಡಲು ಭಯವಾಯಿತು. ಇಲ್ಲಿಯೂ ನಿಂತುಹೋದರೆ ಆಮೇಲೆ ತನಗೆ ಸುಳ್ಳು ಹೇಳಿಕೊಳ್ಳಲೂ ಆಗುವುದಿಲ್ಲ. ಎದ್ದುಬಿಡೋಣ ಎನ್ನಿಸಿತು. ಅಂಗೈಯನ್ನು ನೆಲಕ್ಕೆ ಒತ್ತಿದಳು. ನೆಲ ಅಲ್ಲಾಡಲಿಲ್ಲ.

ಕಣ್ಣು ಮುಚ್ಚಿ, ತಂದೆಯ ಶ್ರುತಿಗಿಂತ ಒಂದು ಮೆಟ್ಟಿಲು ಕೆಳಗೆ, ಎತ್ತಿಕೊಂಡಳು.

ಮೂರನೆಯ ಸಾಲು ಬಂದದ್ದೂ ಹೋದದ್ದೂ ಅವಳಿಗೆ ಗೊತ್ತಾಗಲಿಲ್ಲ. ಆರನೆಯ ಸಾಲು ಮುಗಿದು, ಉಸಿರು ತೆಗೆದುಕೊಂಡು, ಮುಂದಿನ ಪದ್ಯ ತಾನಾಗಿ ಎದ್ದು ನಿಂತಾಗಲೇ ತಿಳಿದದ್ದು. ಬೆರಳು ತೊಡೆಯ ಮೇಲೆ ಮೂರು ನಾಲ್ಕು, ಮೂರು ನಾಲ್ಕು ಎಂದು ಭಾಮಿನಿ ಷಟ್ಪದಿಯ ನಡೆ ತಟ್ಟುತ್ತಿತ್ತು. ಬೆಳಿಗ್ಗೆ ದೋಣಿ ಬೇರೆ ತಾಳ ಹಾಕುತ್ತಿತ್ತು; ಏಳು, ಇಳಿ, ಏಳು, ಇಳಿ. ಎರಡು ತಾಳದ ನಡುವೆ ಸಿಕ್ಕಿ ಪದ ಕಾಲು ತಪ್ಪಿತ್ತು, ಅಷ್ಟೇ. ಅವಳ ಭುಜಗಳು ಸಡಿಲವಾದವು. ಎಷ್ಟು ಹೊತ್ತಿನಿಂದ ಬಿಗಿಹಿಡಿದಿದ್ದಳೋ, ಕತ್ತು ನೋಯುತ್ತಿತ್ತು.

“ಹೊರಡೋಣ್ವಾ?” ವೆಂಕಟಗಿರಿ ಬಾಗಿಲಲ್ಲಿ ನಿಂತಿದ್ದ.

“ಹೂಂ,” ಅಂದಳು. ಅಂದವಳೇ ತಡೆದಳು. “ಇಲ್ಲ. ಸ್ವಲ್ಪ ಕೂತ್ಕೊಳ್ಳಿ ಇಲ್ಲಿ. ನನಗೆ ದೋಣಿ ಬೇಡ.”

ಅವನು ನಿಂತೇ ಇದ್ದ. “ನೀನೇ ಹೂಂ ಅಂದಿದ್ಯಲ್ಲ.”

“ಕೇಳಿಸ್ಕೋತಿದೀನಿ, ಮುಂದಕ್ಕೆ ಹೇಳಿ ಅಂತ ಅಂದೆ. ಒಪ್ಪಿದೆ ಅಂತ ಅಲ್ಲ.”

ಆಮೇಲೆ ಎಲ್ಲವನ್ನೂ ಹೇಳಿದಳು. ಬೆಳಿಗ್ಗೆ ಪದ ಜಾರಿದ್ದು, ಈಗ ಬಂದದ್ದು, ಹೆಸರುಗಳು, ಕಾರು, ಒಲೆ. ಅವಳು ಒಂದೇ ಸಮನೆ ಅಷ್ಟು ಮಾತಾಡಿದ್ದನ್ನು ವೆಂಕಟಗಿರಿ ಎಂದೂ ಕೇಳಿರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಮೆಲ್ಲಗೆ ಕೆಳಗೆ ಕೂತ.

“ನೀನು ಮರೆತ ಒಲೆ ನಾನೇ ಎರಡು ಮೂರು ಸಲ ಆರಿಸಿದೀನಿ,” ಎಂದ.

“ನನಗೆ ಹೇಳ್ಲೇ ಇಲ್ಲ?”

“ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ.”

ಇಬ್ಬರೂ ನೆಲದ ಬಿಸಿಲನ್ನು ನೋಡುತ್ತ ಕೂತರು. ಇಲ್ಲಿಗೆ ಬಂದು ನೆಲೆಸಿದ ಮೇಲೆ ಒಳ್ಳೆಯ ಡಾಕ್ಟರನ್ನು ನೋಡೋಣ ಎಂದು ಅವನೂ, ನೋಡೋಣ ಎಂದು ಅವಳೂ ಹೇಳಿಕೊಂಡರು. ಆ ಮಾತು ಇಷ್ಟು ಸುಲಭವಾಗಿ ಮುಗಿಯುತ್ತದೆ ಎಂದು ಕುಮುದಾ ಎಣಿಸಿರಲಿಲ್ಲ.

“ಹಾಗಾದ್ರೆ ಇಷ್ಟು ವರ್ಷದ ಹೂಂಗಳೆಲ್ಲ?” ಎಂದ ವೆಂಕಟಗಿರಿ. “ಆ ಕಂದು ಸೋಫಾ?”

“ಅದು ನಂಗೆ ಯಾವತ್ತೂ ಇಷ್ಟ ಇರ್ಲಿಲ್ಲ.”

“ಸರಿಹೋಯ್ತು. ನಿಮ್ಮ ಮನೆ ಹಿತ್ತಲಲ್ಲಿ ಕೇಳಿದ್ನಲ್ಲ, ಮದುವೆಗೆ ಒಪ್ಪಿಗೇನಾ ಅಂತ?”

“ಆಗ ನಾನು ಹೂಂ ಅನ್ಲಿಲ್ಲ,” ಎಂದಳು ಕುಮುದಾ. “ಆಯ್ತು ಅಂದೆ.”

ಅವನು ನಕ್ಕ. ನಗು ಮುಗಿದ ಮೇಲೂ ಮುಖ ಅವಳ ಕಡೆಗೇ ಇತ್ತು.

“ದೋಣಿ ತುಂಬಾ ಇಷ್ಟ ಆಗಿತ್ತಾ ನಿಮಗೆ?”

ಅವನು ಕಿಟಕಿಯ ಕಡೆ ನೋಡಿದ. “ಇಷ್ಟ ಆಗಿತ್ತು,” ಎಂದ. ಮಂಡಿಯ ಮೇಲೆ ಕೈಯೂರಿ ಎದ್ದು ನಿಂತು, ಪ್ಯಾಂಟಿನ ಧೂಳು ಕೊಡವಿಕೊಂಡ. “ಆಯ್ತು. ಇದೇ ಇರ್ಲಿ. ನಂದಕುಮಾರಂಗೆ ಹೇಳಿ ಬರ್ತೀನಿ.”

ಅವಳು ಮತ್ತೆ ಕಣ್ಣು ಮುಚ್ಚಲು ಹೋದವಳು, ಹಿಂಬಾಗಿಲ ಸದ್ದಿಗೆ ಎದ್ದು ಕಿಟಕಿಯ ಬಳಿ ಬಂದಳು. ನಂದಕುಮಾರ್ ಇದ್ದದ್ದು ಮುಂದಿನ ಬಾಗಿಲಲ್ಲಿ. ವೆಂಕಟಗಿರಿ ಹಿಂದಿನ ಮೆಟ್ಟಿಲು ಇಳಿಯುತ್ತಿದ್ದ. ಮರದ ಕಟ್ಟೆಯ ಕೊನೆಯ ತನಕ ನಡೆದು, ಬೂಟು ಬಿಚ್ಚಿ, ಕಾಲುಚೀಲಗಳನ್ನು ಅದರೊಳಗೆ ತುರುಕಿ ಪಕ್ಕದಲ್ಲಿಟ್ಟ. ಪ್ಯಾಂಟನ್ನು ಮೊಣಕಾಲ ತನಕ ಮಡಚಿಕೊಂಡು ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟ. ಗಾಳಿ ಬಂದಾಗ ಕೆಳಗಿನ ಹುಲ್ಲು ಒಂದೇ ಕಡೆಗೆ ಬಾಗಿ ಬಂದು ಅವನ ಅಂಗಾಲನ್ನು ಮುಟ್ಟಿ ಹೋಗುತ್ತಿತ್ತು.