ಚೆಂಡಿನ ಮೇಲೆ ಕೂತ ಭಾನುವಾರ

ಕೆಲ್‌ಬರ್ನ್ ಹ್ಯಾಮರ್ಸ್ ಎಂಬ ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡ ಬದುಕಿದ್ದು ಮೂರು ವರ್ಷವೂ ಇಲ್ಲ. ಸಾವಿರದ ಒಂಬೈನೂರ ಅರವತ್ತೈದರಲ್ಲಿ ಹುಟ್ಟಿತು, ಅರವತ್ತೇಳರ ನವೆಂಬರಿನಲ್ಲಿ ಸತ್ತಿತು. ಕೊಂದವನು ಹುಡಾಕ್, ಅಂದರೆ ನಾನು, ಎಂದು ಊರಿನಲ್ಲಿ ಈಗಲೂ ಹೇಳುವವರಿದ್ದಾರೆ. ಹೇಳಲಿ.

ನಮ್ಮದು ದೊಡ್ಡ ಲೀಗಿನವರು ಬೇಡವೆಂದು ಬಿಟ್ಟವರ, ಅವರ ಕಣ್ಣಿಗೇ ಬೀಳದವರ ತಂಡ. ವಾರವಿಡೀ ಉಕ್ಕಿನ ಕಾರ್ಖಾನೆಯ ಕುಲುಮೆಯ ಮುಂದೆ ಬೇಯುವುದು, ಭಾನುವಾರ ಹೈಸ್ಕೂಲಿನ ಮೈದಾನದಲ್ಲಿ ಮೂಳೆ ಮುರಿಸಿಕೊಳ್ಳುವುದು. ಒಡೆಯನೂ ಕೋಚೂ ಒಬ್ಬನೇ: ಕಾರು ಮಾರುವ ಕಿನ್ನೇರ್ಡ್.

ನಾನು ಸೆಂಟರ್. ಬಗ್ಗಿ ನಿಂತು ಕಾಲ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಡುವವನು. ನನ್ನ ಕೈಯಿಂದ ಹೊರಡದೆ ಆಟವೇ ಶುರುವಾಗದು, ಆದರೂ ಹೆಸರೆಲ್ಲ ಅದನ್ನು ಪಡೆದು ಎಸೆಯುವ ಕ್ವಾರ್ಟರ್‌ಬ್ಯಾಕಿಗೆ. ಅವನ ಮಾತನ್ನು ಉಳಿದ ಹತ್ತು ಮಂದಿ ಕೇಳಬೇಕು. ಅದಕ್ಕೇ ಆ ಜಾಗದಲ್ಲಿ ಕಪ್ಪು ಜನರನ್ನು ನಿಲ್ಲಿಸುತ್ತಿರಲಿಲ್ಲ. ಎಲ್ಲೂ ಬರೆದ ಕಾನೂನಲ್ಲ. ಬರೆಯದ ಕಾನೂನಿಗೇ ಹಲ್ಲು ಜಾಸ್ತಿ.

ಅಲ್ವಿನ್ ಟಿಬ್ಸ್ ದಕ್ಷಿಣದ ಕಪ್ಪು ಜನರ ಕಾಲೇಜೊಂದರಲ್ಲಿ ನಾಲ್ಕು ವರ್ಷ ಕ್ವಾರ್ಟರ್‌ಬ್ಯಾಕ್ ಆಗಿದ್ದವನು. ಅರವತ್ತು ಗಜ ಆಚೆ ಓಡುವವನ ಎದೆಗೇ ಚೆಂಡು ಇಳಿಸುತ್ತಿದ್ದ. ಕಿನ್ನೇರ್ಡ್ ಅವನನ್ನು ಅಂಚಿನಲ್ಲಿ ಓಡಿ ಚೆಂಡು ಹಿಡಿಯಲು ಹಾಕಿದ. ಮೊದಲ ವರ್ಷ ನಮ್ಮ ಬಿಳಿ ಕ್ವಾರ್ಟರ್‌ಬ್ಯಾಕ್ ಡೆನಿಸ್ ವೋಲ್ ಬೆರಳು ಮುರಿದುಕೊಂಡಾಗ ಅಲ್ವಿನ್ ಅವನ ಜಾಗದಲ್ಲಿ ನಿಂತು ಮೂರು ಪಂದ್ಯ ಆಡಿಸಿದ, ಮೂರೂ ಗೆದ್ದೆವು. ಬೆರಳು ಕೂಡಿತು, ಅಲ್ವಿನ್ ಮತ್ತೆ ಅಂಚಿಗೆ. ನಾವು ಬಿಳಿಯರು ತುಟಿ ಪಿಟಕ್ಕೆನ್ನಲಿಲ್ಲ.

ಆ ನವೆಂಬರಿನಲ್ಲಿ ದೊಡ್ಡ ಲೀಗಿನಿಂದ ಆಟಗಾರರನ್ನು ಆರಿಸುವವನೊಬ್ಬ ಬರುತ್ತಾನೆಂದು ಸುದ್ದಿಯಾಯಿತು. ಅಲ್ವಿನ್‌ಗೆ ಆಗಲೇ ಇಪ್ಪತ್ತೆಂಟು. ಅಂಥ ಇನ್ನೊಬ್ಬ ಬರುವಷ್ಟರಲ್ಲಿ ಅವನ ಮೊಣಕಾಲು ಉಳಿಯುವುದಿಲ್ಲ.

ಪಂದ್ಯಕ್ಕೆ ಮುಂಚೆ ಪಾದಕ್ಕೆ ಪಟ್ಟಿ ಸುತ್ತಿಕೊಳ್ಳುತ್ತ ಅಲ್ವಿನ್ ಕೇಳಿದ: “ಹುಡಾಕ್, ಇವತ್ತು ಚೆಂಡು ಯಾರಿಗೆ ಕೊಡ್ತೀಯ?”

“ವೋಲ್‌ಗೆ. ಕಿನ್ನೇರ್ಡ್ ಹೇಳಿದಾನಲ್ಲ.”

“ಕುಲುಮೆ ಮುಂದೆ ಹುಲಿ ಕಣೋ ನೀನು. ಕಿನ್ನೇರ್ಡ್ ಮುಂದೆ ಮಾತ್ರ ಅವನ ಅಂಗಡಿ ಕಾರು. ಕೀಲಿ ತಿರುಗಿಸಿದ್ರೆ ಸಾಕು, ಹೊರಡ್ತೀಯ.”

ಅರ್ಧ ಆಟ ಆ ಮಾತು ಮುಳ್ಳಿನಂತೆ ಚುಚ್ಚುತ್ತಿತ್ತು. ಆಮೇಲೆ ಅಲ್ವಿನ್ ತನ್ನ ಅಂಚು ಬಿಟ್ಟು ಬಂದು ವೋಲ್‌ನ ಪಕ್ಕ ನಿಂತ. ನಾನು ಮಣಿಕಟ್ಟು ಒಂದಿಷ್ಟು ತಿರುಗಿಸಿದೆ. ಚೆಂಡು ಅಲ್ವಿನ್‌ಗೆ ಹೋಯಿತು, ಅವನ ಕೈಯಿಂದ ನಲವತ್ತು ಗಜ ಹಾರಿತು.

“ನನಗೇನೂ ಗೊತ್ತಿಲ್ಲಪ್ಪ,” ಎಂದ ವೋಲ್, “ನೋಯ್ತಿರೋ ನನ್ನ ಭುಜ ಮಾತ್ರ ನಿಂಗೆ ಕೈ ಮುಗೀತಿದೆ.”

ಕಿನ್ನೇರ್ಡ್ ಅಲ್ವಿನ್‌ನನ್ನು ಹೊರಗೆ ಕರೆಸಿದ. ನನ್ನನ್ನು ಕರೆಸುವಂತಿರಲಿಲ್ಲ, ಇನ್ನೊಬ್ಬ ಸೆಂಟರ್ ಪಾಳಿಯ ಮೇಲೆ ಕಾರ್ಖಾನೆಯಲ್ಲಿದ್ದ.

ನಾನು ಚೆಂಡಿನ ಮೇಲೆ ಕೂತೆ.

ತಡ ಮಾಡಿದ ತಪ್ಪಿಗೆ ನಮ್ಮನ್ನು ಐದು ಗಜ ಹಿಂದೆ ಸರಿಸಿದರು. ಅಲ್ಲೂ ಕೂತೆ. ಮತ್ತೆ ಐದು. ಪಕ್ಕದವನು ಕೂತ, ಅವನ ಪಕ್ಕದವನೂ ಕೂತ. ಎದುರಾಳಿ ಮುಟ್ಟದೆಯೇ ಮೂವತ್ತು ಗಜ ಹಿಂದೆ ಬಂದೆವು. ಜನ ನಮ್ಮ ಅಪ್ಪ ಅಮ್ಮನನ್ನೆಲ್ಲ ನೆನೆಸಿಕೊಂಡರು.

“ಏಳು ಮಾರಾಯ,” ಎಂದ ಅಂಪೈರ್, “ಮನೇಲಿ ನನ್ನೂಟ ಆರಿಹೋಗ್ತಿದೆ.”

“ಇನ್ಮೇಲೆ ಈ ಊರಲ್ಲಿ ನಿಂಗೆ ಆಟ ಇಲ್ಲ ಕಣೋ!” ಕಿನ್ನೇರ್ಡ್ ಗೆರೆಯಾಚೆಯಿಂದ ಕಿರುಚಿದ.

“ಈಗ್ಲೂ ಎಲ್ಲಿದೆ ಸಾರ್? ಕೂತಿದೀನಲ್ಲ!”

ಜನರ ನಡುವೆ ಕೂತಿದ್ದ ದೊಡ್ಡ ಲೀಗಿನವನು ಎದ್ದು ಕೋಟು ಹಾಕಿಕೊಳ್ಳತೊಡಗಿದ. ಅದನ್ನು ಕಂಡು ಕಿನ್ನೇರ್ಡ್ ಹಲ್ಲು ಕಚ್ಚಿ ಅಲ್ವಿನ್‌ನನ್ನು ಒಳಗೆ ಬಿಟ್ಟ. ಉಳಿದಷ್ಟೂ ಹೊತ್ತು ಅಲ್ವಿನ್ ಎಸೆದ. ಎರಡು ಸಲ ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿ ಅಂಕ ತಂದ. ಆದರೂ ಮೂರು ಅಂಕದಿಂದ ಸೋತೆವು. ಬೂಟು ಬಿಚ್ಚುವ ಮುಂಚೆಯೇ ಕಿನ್ನೇರ್ಡ್ ಬಂದು, ತಂಡ ಮುಚ್ಚಿದೆ, ಅಂಗಿಗಳನ್ನು ಇಲ್ಲೇ ಬಿಟ್ಟು ಹೋಗಿ ಎಂದ.

ಹೊರಗೆ ಕಾರಿನ ಬಳಿ ದೊಡ್ಡ ಲೀಗಿನವನು ಅಲ್ವಿನ್‌ನ ಕೈ ಕುಲುಕಿದ. “ಒಳ್ಳೆ ಕಾಲು ನಿಂದು. ಜುಲೈನಲ್ಲಿ ಬಾ. ಹಿಂದೆ ನಿಂತು ಎದುರಾಳಿ ಎಸೆತ ತಡೆಯೋಕೆ ಹಾಕ್ತೀವಿ.”

“ಇವತ್ತು ನನ್ನ ಕಾಲು ನೋಡಿದ್ರಾ ಸಾರ್, ಕೈ ನೋಡಿದ್ರಾ?”

“ಎರಡೂ ನೋಡ್ದೆ. ನಮ್ಮಲ್ಲಿ ಆ ಜಾಗ... ಗೊತ್ತಲ್ಲಪ್ಪ ನಿಂಗೂ.”

“ಹಾಗಾದ್ರೆ ನೋಡಿದ್ದನ್ನೇ ನಿಮ್ಮ ಹಾಳೇಲಿ ಬರೀರಿ.”

ನಾವು ಎಂಟು ಜನ ಕಾರಿನ ಸುತ್ತ ನಿಂತೆವು. ಯಾರೂ ಕೈ ಎತ್ತಲಿಲ್ಲ, ಸುಮ್ಮನೆ ನಿಂತೆವು. ಅವನು ಹಾಳೆ ತೆಗೆದು, ಬರೆದದ್ದನ್ನು ಹೊಡೆದುಹಾಕಿ, ಅಲ್ವಿನ್ ಟಿಬ್ಸ್ ಹೆಸರಿನ ಮುಂದೆ ಕ್ವಾರ್ಟರ್‌ಬ್ಯಾಕ್ ಎಂದು ಬರೆದ. ಊರ ಗಡಿ ದಾಟಿದ ಕೂಡಲೇ ಹರಿದೆಸೆಯುತ್ತಾನೆಂದು ನಮಗೆಲ್ಲ ಗೊತ್ತಿತ್ತು.

ಕಾರು ಹೋಯಿತು. ಅಲ್ವಿನ್‌ಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

“ಹುಡಾಕ್, ಕೆನಡಾ ಕಡೆ ಬಸ್ ಎಷ್ಟೊತ್ತಿಗೋ?”

“ಅಲ್ಲಿ ಯಾರಿದಾರೆ ನಿಂಗೆ?”

“ಯಾರೂ ಇಲ್ಲ. ನಮ್ಮೋರನ್ನ ಅಲ್ಲಿ ಎಸೆಯೋಕೆ ಬಿಡ್ತಾರಂತೆ.”

ಅವನ ಚೀಲವನ್ನು ನಾನು ಹೆಗಲಿಗೇರಿಸಿದೆ. ಬಸ್ ನಿಲ್ದಾಣ ಮುಟ್ಟುವವರೆಗೂ ಇಬ್ಬರೂ ಓಡುನಡಿಗೆಯಲ್ಲೇ ನಡೆದೆವು.