ಅಪ್ಪಿಯ ಎತ್ತರದ ಮೇಣದಬತ್ತಿ

ಸಂತೆಕಟ್ಟೆಯ ಲಿಗೋರಿಯವರ ಮನೆಯಲ್ಲಿ ಕಂದು ಬಣ್ಣದ ಎರಡು ನಾಯಿಗಳಿದ್ದವು, ಒಂದೇ ಸೂಲಿನವು, ಹೊರಗಿನವರಿಗೆ ಯಾವುದು ಯಾವುದೆಂದು ತಿಳಿಯದಷ್ಟು ಒಂದೇ ಥರ. 1957ರ ಮಾರ್ಚಿನಲ್ಲಿ ಅವುಗಳಲ್ಲೊಂದು ಅವರ ಗದ್ದೆಯ ಒಕ್ಕಲು ವಿಠಲನ ಮಗಳು ಅಪ್ಪಿಯ ಕಾಲಿಗೆ ಕಚ್ಚಿತು. ಅಪ್ಪಿಗೆ ಎಂಟು ವರ್ಷ.

ಕಂಪೌಂಡರ್ ಗಾಯ ತೊಳೆದು ಹೇಳಿದ: "ನಾಯಿಯನ್ನು ಹತ್ತು ದಿನ ಕಟ್ಟಿ ಹಾಕಿ ನೋಡಿ. ಬದುಕಿದರೆ ಹೆದರಬೇಡಿ. ಸತ್ತರೆ ಅದೇ ದಿನ ಉಡುಪಿಗೆ ಹೋಗಬೇಕು. ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್ ಉಂಟು."

ನಾಯಿ ಮೂರನೆಯ ದಿನ ಜೊಲ್ಲು ಸುರಿಸಿ ಸತ್ತಿತು. ಲಿಗೋರಿ ಅದನ್ನು ಯಾರಿಗೂ ಹೇಳದೆ ಬಾಳೆಯ ಬುಡದಲ್ಲಿ ಹೂತರು. ಅದರ ನೋಟ ಸರಿಯಿಲ್ಲ, ಕಟ್ಟಿ ಎಂದು ಹೆಂಡತಿ ಜೆರ್ಟ್ರೂಡ್ ವಾರದ ಹಿಂದೆಯೇ ಹೇಳಿದ್ದರು. ಲಿಗೋರಿ ಕಟ್ಟಿರಲಿಲ್ಲ. ಅವರು ಇಗರ್ಜಿಯ ಗುರ್ಕಾರ, ಕೇರಿಯ ಕ್ರೈಸ್ತರ ಮುಖಂಡ, ನಾಲ್ಕು ಜನರ ಜಗಳ ತೀರಿಸುವ ಮನುಷ್ಯ. ಊರು ತನ್ನ ತಪ್ಪು ಆಡಿಕೊಳ್ಳುವುದು ಬೇಡವಾಗಿತ್ತು. ಮಗು ಸಾಯಲಿ ಎಂದೇನೂ ಬಯಸಲಿಲ್ಲ. ದೇವರ ಮೇಲೆ ಅವರಿಗೆ ನಿಜವಾದ ನಂಬಿಕೆಯಿತ್ತು. ಉಳಿಸಿದರೆ ಅವಳಷ್ಟೇ ಎತ್ತರದ ಮೇಣದಬತ್ತಿ ಕೊಡುತ್ತೇನೆಂದು ಕಾರ್ಕಳದ ಸಂತನಿಗೆ ಹರಕೆ ಹೊತ್ತು, ಅಪ್ಪಿಯನ್ನು ಕರೆದು ಬಾಗಿಲಿಗೆ ಒರಗಿಸಿ ನಿಲ್ಲಿಸಿ ನೂಲು ಹಿಡಿದು ಅಳೆದರು.

"ಎಂತಕ್ಕೆ ಧನಿ, ಲಂಗ ಹೊಲಿಸಲಿಕ್ಕಾ?"

"ಹೌದು. ಅಲುಗಾಡಬೇಡ."

ಅವಳು ಹೋದ ಮೇಲೆ ಜೆರ್ಟ್ರೂಡ್ ಕೇಳಿದರು: "ಮಗುವನ್ನು ಉಡುಪಿಗೆ ಕಳಿಸಬಾರದಾ?"

"ಹರಕೆ ಹೇಳಿ ಆಯಿತು. ಈಗ ಸೂಜಿಗೆ ಓಡಿದರೆ ದೇವರನ್ನು ನಂಬಲಿಲ್ಲ ಅಂತ ಆಗುತ್ತದೆ."

ಜೆರ್ಟ್ರೂಡ್ ನೂಲನ್ನು ಸುತ್ತಿ ಒಳಗೆ ತೆಗೆದಿಟ್ಟರು.

ಹತ್ತನೆಯ ದಿನ ವಿಠಲ ಕಚ್ಚಿದ ನಾಯಿಯನ್ನು ನೋಡಲು ಬಂದ. ಉಳಿದ ನಾಯಿ ಸರಪಳಿಯಲ್ಲಿ ಗಂಜಿ ನೆಕ್ಕುತ್ತಿತ್ತು.

"ನನಗಿಂತ ಗಟ್ಟಿ ಉಂಟು ಇದು," ಎಂದು ನಕ್ಕ. "ಇನ್ನೊಂದು ಎಲ್ಲಿ ಧನಿ?"

"ಕಾಪುವಿಗೆ ಕೊಟ್ಟೆ, ತಂಗಿಯ ಮನೆಗೆ."

ಐದನೆಯ ವಾರ ಅಪ್ಪಿ ನೀರು ಕಂಡರೆ ಚೀರತೊಡಗಿದಳು. ಮೂರು ದಿನ ಬದುಕಿದ್ದಳು. ಕೊನೆಗೆ ಅವಳ ಕೈಕಾಲು ಕಟ್ಟಿದವನು ವಿಠಲನೇ.

ಅವಳು ಸತ್ತು ವಾರವಾದ ಮೇಲೆ ವಿಠಲ ಬಂದು ಜಗಲಿಯ ಕೆಳಗೆ ಕುಳಿತ.

"ನಿಮ್ಮ ನಾಯಿಯದ್ದಲ್ಲ ಧನಿ, ಅದು ಬದುಕಿಯೇ ಉಂಟಲ್ವಾ. ಹೋದ ವರ್ಷ ಮನೆಯ ದೈವಕ್ಕೆ ಕೋಳಿ ಕೊಡುತ್ತೇನೆ ಅಂದು ಕೊಡಲಿಲ್ಲ. ಮಗುವನ್ನು ನಾನೇ ತಿಂದೆ."

ಲಿಗೋರಿ ಅಡಿಕೆ ಕತ್ತರಿಸುತ್ತಿದ್ದರು. "ಇರಬಹುದು," ಎಂದರು. "ಹೇಳಿದ ಹರಕೆ ತಪ್ಪಿಸಬಾರದು ವಿಠಲ."

ಜೆರ್ಟ್ರೂಡ್ ಒಳಗಿನಿಂದ ಬಂದು ಆ ನೂಲನ್ನು ವಿಠಲನ ಮುಂದೆ ಇಟ್ಟರು.

"ಅಪ್ಪಿಯ ಅಳತೆ. ಕಚ್ಚಿದ ನಾಯಿ ಮೂರನೆಯ ದಿನವೇ ಸತ್ತಿತು, ಬಾಳೆಯ ಬುಡದಲ್ಲಿ ಉಂಟು. ಇವರು ಸಂತನಿಗೆ ಮೇಣದಬತ್ತಿಯ ಹರಕೆ ಹೇಳಿಕೊಂಡರು. ನಾನು ಬಾಯಿ ಮುಚ್ಚಿಕೊಂಡೆ."

ವಿಠಲ ನೂಲನ್ನು ಮುಟ್ಟಲಿಲ್ಲ.

"ಮೂರನೆಯ ದಿನ," ಎಂದ. "ಅವತ್ತು ಅವಳಿಗೆ ಉಡುಪಿಗೆ ಹೋಗಬೇಕು ಅಂತ ಹಟ. ಬಸ್ಸಲ್ಲಿ ಕೂರಲಿಕ್ಕೆ. ಧನಿಗಳ ನಾಯಿ ಬದುಕಿರುವಾಗ ಎಂತಕ್ಕೆ ಅಂತ ನಾನೇ ಎರಡು ಹೊಡೆದು ಕೂರಿಸಿದೆ."